ಹೆಸರು ಇಲ್ಲಿ, ಬದುಕು ಅಲ್ಲಿ

ಬೆಂಗಳೂರು, ಶಿವಮೊಗ್ಗ, ಹುಬ್ಬಳ್ಳಿಗಳಲ್ಲಿ ನೆಲೆಸಿರುವ ಕುಬಟೂರಿನ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

 

ಮತದಾರರ ಪಟ್ಟಿಯ ಕರಡು ಬಂದಾಗಲೆಲ್ಲ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ನನ್ನ ಹಳೆಯ ಅಭ್ಯಾಸ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಹಾಜರಿ ಕರೆದವನಿಗೆ ಹೆಸರುಗಳ ಮೇಲೆ ಬೆರಳಾಡಿಸುವುದು ಬಿಡಲಾಗದ ಚಾಳಿ. ಹೋದ ಸಲ ಓದುವಾಗ ಒಂದೊಂದು ಹೆಸರಿಗೂ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡೆ. ಇವನು ಪೀಣ್ಯದಲ್ಲಿದ್ದಾನೆ. ಇವಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಇವನು ಶಿವಮೊಗ್ಗದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಕರೆದಿದ್ದ. ಅಣ್ಣ ತಮ್ಮ ಇಬ್ಬರೂ ಬೆಂಗಳೂರಿನಲ್ಲಿದ್ದು, ಇಲ್ಲಿನ ಮನೆಗೆ ಬೀಗ ಬಿದ್ದು ಆರು ವರ್ಷವಾಯಿತು; ಪಟ್ಟಿಯಲ್ಲಿ ಮಾತ್ರ ಆ ಮನೆ ಸಂಖ್ಯೆಯಡಿ ಐದು ಜನ ಇನ್ನೂ ವಾಸವಾಗಿದ್ದಾರೆ.

ನೀವು ಊರಿಗೆ ಬರುವುದು ನನಗೆ ಸಂತೋಷ. ಜಾತ್ರೆಗೆ ಬನ್ನಿ, ಹಬ್ಬಕ್ಕೆ ಬನ್ನಿ, ಸೊಪ್ಪಿನ ಸಾರು ಉಣ್ಣಲು ಬನ್ನಿ. ಮಕ್ಕಳನ್ನು ಕೈಟಭೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಒಂಬೈನೂರು ವರ್ಷ ಹಳೆಯ ಆ ಕಂಬಗಳನ್ನು ಮುಟ್ಟಿಸಿ. ಮತ ಹಾಕಲು ಮಾತ್ರ ಇನ್ನು ಮುಂದೆ ಇಲ್ಲಿಗೆ ಬರಬೇಡಿ. ನಿಮ್ಮ ಹೆಸರನ್ನು ನೀವಿರುವ ಊರಿಗೆ ವರ್ಗಾಯಿಸಿಕೊಳ್ಳಿ. ಇದನ್ನು ಕೇಳುವುದಕ್ಕೇ ಈ ಪತ್ರ.

ಕೋಪ ಮಾಡಿಕೊಳ್ಳಬೇಡಿ, ಈ ತಪ್ಪು ನನ್ನ ಮನೆಯಲ್ಲೇ ನಡೆದಿದೆ. ಮಗಳು ಮದುವೆಯಾಗಿ ಬೆಂಗಳೂರಿಗೆ ಹೋದಾಗ ಅವಳ ಹೆಸರನ್ನು ಇಲ್ಲಿನ ಪಟ್ಟಿಯಿಂದ ತೆಗೆಸಬೇಕಿತ್ತು. ನಾನು ತೆಗೆಸಲಿಲ್ಲ. ಪಡಿತರ ಚೀಟಿಯಿಂದ ತೆಗೆಸಿದ ದಿನವೇ ಮನೆ ಖಾಲಿಯಾದಂತೆ ಅನ್ನಿಸಿತ್ತು. ಮತದಾರರ ಪಟ್ಟಿಯಲ್ಲಾದರೂ ಇರಲಿ ಎಂದುಕೊಂಡೆ. ಅವಳು ಅಲ್ಲಿ ಅಪಾರ್ಟ್‌ಮೆಂಟಿಗೆ ಬಂದ ಶಿಬಿರದಲ್ಲಿ ಹೊಸದಾಗಿ ಅರ್ಜಿ ತುಂಬಿದಳು. ಹೀಗೆ ಒಬ್ಬಳೇ ಮಗಳು ಎರಡು ಊರಿನ ಮತದಾರಳಾದಳು. 2019ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 18ಕ್ಕಿತ್ತು, ಶಿವಮೊಗ್ಗ ಕ್ಷೇತ್ರದ್ದು ಏಪ್ರಿಲ್ 23ಕ್ಕೆ. ಬೇಸಿಗೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಬಂದವಳು ಅಂಗಳದಲ್ಲಿ ಕೂತು ಕೇಳಿದಳು: "ಅಪ್ಪಾ, ಇಲ್ಲೂ ಹೆಸರಿದೆಯಲ್ಲ, ಹಾಕಿ ಬರ್ಲಾ?" ಅವಳ ಎಡಗೈ ತೋರುಬೆರಳಿನ ಮೇಲೆ ಮೈಸೂರಿನ ಶಾಯಿ ಇನ್ನೂ ಕಪ್ಪಗಿತ್ತು. ಅವಳಿಗೆ ಅದು ತಪ್ಪೆಂದು ಅನ್ನಿಸಿರಲೇ ಇಲ್ಲ, ಯಾಕೆಂದರೆ ನಾನು ಹೇಳಿಕೊಟ್ಟಿರಲಿಲ್ಲ. ಸಾವಿರಾರು ಮಕ್ಕಳಿಗೆ ಪೌರನೀತಿ ಪಾಠ ಮಾಡಿದವನ ಮನೆಯ ಕತೆಯಿದು. ಆ ಚುನಾವಣೆ ಮುಗಿಯುತ್ತಿದ್ದಂತೆ ನಮೂನೆ 7 ತುಂಬಿ ಅವಳ ಹೆಸರು ತೆಗೆಸಿದೆ.

ಕಾನೂನು ಈ ವಿಷಯದಲ್ಲಿ ಗೊಂದಲಕ್ಕೆ ಎಡೆ ಇಟ್ಟಿಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ನೀವು ಎಲ್ಲಿ ಸಾಮಾನ್ಯವಾಗಿ ವಾಸವಾಗಿದ್ದೀರೋ ಅಲ್ಲಿ ಮತದಾರರು. ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಹೆಸರು ಇರುವಂತಿಲ್ಲ. ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. "ಊರಲ್ಲಿ ನಮ್ಮ ಮನೆ ಇದೆ, ಅಡಿಕೆ ತೋಟ ಇದೆ" ಎಂದು ನೀವು ಹೇಳುತ್ತೀರಿ. ಮನೆಯ ಒಡೆತನ ಇದ್ದ ಮಾತ್ರಕ್ಕೆ ಅಲ್ಲಿನ ವಾಸಿಯೆಂದು ಎಣಿಸುವಂತಿಲ್ಲ ಎಂದು ಅದೇ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ತಾತ್ಕಾಲಿಕವಾಗಿ ಊರು ಬಿಟ್ಟು ಹೋದವರು ವಾಸಿಯಾಗಿರುವುದು ತಪ್ಪುವುದಿಲ್ಲ. ಸುಗ್ಗಿ ಮುಗಿದ ಮೇಲೆ ನಾಲ್ಕು ತಿಂಗಳು ಕೂಲಿಗೆ ಹೋಗಿ ಮಳೆಗಾಲಕ್ಕೆ ಮರಳುವವರು ಇಲ್ಲಿನವರೇ. ಅವರ ಹೆಸರು ಇಲ್ಲೇ ಇರಲಿ, ಯಾರಾದರೂ ತೆಗೆಸಲು ಬಂದರೆ ನಾನೇ ಎದುರು ನಿಲ್ಲುತ್ತೇನೆ. ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಹುಡುಗ ಹುಡುಗಿಯರಿಗೆ ಎರಡು ದಾರಿಯಿದೆ: ಮನೆಯ ವಿಳಾಸದಲ್ಲಾದರೂ ಸೇರಬಹುದು, ಹಾಸ್ಟೆಲಿನ ವಿಳಾಸದಲ್ಲಾದರೂ ಸೇರಬಹುದು. ಒಂದು ಮಾತ್ರ. ನಾನು ಬರೆಯುತ್ತಿರುವುದು ಇವರಿಗಲ್ಲ. ಹತ್ತು ಹದಿನೈದು ವರ್ಷದಿಂದ ನಗರದ ನೀರು ಕುಡಿದು, ನಗರದ ಶಾಲೆಗೆ ಮಕ್ಕಳನ್ನು ಕಳಿಸಿ, ನಗರಕ್ಕೆ ತೆರಿಗೆ ಕಟ್ಟಿ, ಮತ ಹಾಕಲು ಮಾತ್ರ ಬಸ್ಸು ಹತ್ತುವ ನಿಮಗೆ.

ಆ ಬಸ್ಸಿನ ಬಗ್ಗೆಯೂ ಹೇಳಬೇಕು. ಮತದಾನದ ಹಿಂದಿನ ರಾತ್ರಿ ಹೊರಟ ಬಸ್ಸು ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ ದಾಟಿ ಬೆಳಗಿನ ಜಾವ ಆನವಟ್ಟಿ ಕಡೆಗೆ ಬರುತ್ತದೆ. ಟಿಕೆಟ್ಟಿಲ್ಲ. ದಾರಿಯಲ್ಲಿ ತಿಂಡಿ, ಊಟ. ಯಾರ ಬಸ್ಸು ಎಂದು ನೀವೂ ಕೇಳುವುದಿಲ್ಲ, ಹತ್ತಿಸಿಕೊಂಡವನೂ ಹೇಳುವುದಿಲ್ಲ. ಇಳಿಯುವಾಗ ಗುರುತಿನ ಹೆಸರೊಂದು ಕಿವಿಗೆ ಬೀಳುತ್ತದೆ. ಮತದಾರರನ್ನು ಮತಗಟ್ಟೆಗೆ ಉಚಿತವಾಗಿ ಸಾಗಿಸಲು ಅಭ್ಯರ್ಥಿಯ ಕಡೆಯವರು ವಾಹನ ಗೊತ್ತು ಮಾಡುವುದನ್ನು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಭ್ರಷ್ಟ ಆಚರಣೆ ಎಂದು ಕರೆಯುತ್ತದೆ. ನ್ಯಾಯಾಲಯದಲ್ಲಿ ಸಾಬೀತಾದರೆ ಗೆದ್ದ ಚುನಾವಣೆಯೇ ರದ್ದಾಗುತ್ತದೆ. ಎಲ್ಲ ಪಕ್ಷಗಳ ಬಸ್ಸನ್ನೂ ಈ ಕಣ್ಣಿಂದ ನೋಡಿದ್ದೇನೆ. ನಿಮ್ಮನ್ನು ಊರಿನ ಮೇಲಿನ ಪ್ರೀತಿ ಕರೆತರುತ್ತದೆ ಎಂದು ನಂಬುವವನು ನಾನು. ಆದರೆ ಆ ಪ್ರೀತಿಯ ಖರ್ಚನ್ನು ಬೇರೆಯವರು ಭರಿಸುತ್ತಿದ್ದಾರೆ, ಆ ಲೆಕ್ಕ ಅವರು ಮರೆಯುವುದಿಲ್ಲ.

ನೀವು ಒಂದು ದಿನಕ್ಕೆ ಬಂದು ಆರಿಸಿ ಹೋದವರ ಕೈಕೆಳಗೆ ಐದು ವರ್ಷ ಇರುವವರು ನಾವು. ಕೆರೆಯ ಹೂಳು ತೆಗೆಸುತ್ತಾನೋ ಇಲ್ಲವೋ, ಜೋಳ ಮಾರುವ ಕಾಲಕ್ಕೆ ದರ ಬೀಳುವಾಗ ಬಾಯಿ ಬಿಡುತ್ತಾನೋ ಇಲ್ಲವೋ ಎಂದು ನೋಡಿ ಇಲ್ಲಿನ ರೈತ ಒಂದು ತೀರ್ಮಾನಕ್ಕೆ ಬಂದಿರುತ್ತಾನೆ. ನೀವು ಬಂದವರು ಅಜ್ಜನ ಕಾಲದ ನಂಟು, ಜಾತಿಯ ಸಲುಗೆ, ಟೀವಿಯ ಮಾತು ಇವನ್ನು ನೋಡಿ ಮತ ಹಾಕುತ್ತೀರಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಂತೂ ಹತ್ತಿಪ್ಪತ್ತು ಮತದಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ. ಒಂದು ಬಸ್ಸಿನ ಜನ ಸಾಕು, ಚರಂಡಿ ಯಾವ ಕೇರಿಗೆ ಬರಬೇಕು ಎಂಬುದನ್ನು ಆ ಕೇರಿಯಲ್ಲಿ ಮಲಗದವರು ನಿರ್ಧರಿಸಿದಂತಾಗಲು.

ಇನ್ನು ನೀವಿರುವ ಕಡೆ ಏನಾಗುತ್ತಿದೆ? 2024ರಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 78 ಜನ ಮತ ಹಾಕಿದರು. ಬೆಂಗಳೂರು ದಕ್ಷಿಣ, ಉತ್ತರ, ಕೇಂದ್ರ ಕ್ಷೇತ್ರಗಳಲ್ಲಿ 53, 54ರ ಸುತ್ತ ನಿಂತಿತು. ನಗರದವರು ಸೋಮಾರಿಗಳು ಎಂದು ಪತ್ರಿಕೆಗಳು ಬರೆದವು. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿನ ಎಷ್ಟೋ ಜನರ ಮನಸ್ಸು ಅವರವರ ಹಳ್ಳಿಯ ಮತಗಟ್ಟೆಯಲ್ಲಿದೆ. ಬೆಂಗಳೂರಿನ ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದಾಗಲೂ ನಿಮ್ಮ ವಾರ್ಡಿಗೆ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ಐದು ವರ್ಷ ಸದಸ್ಯನೇ ಇಲ್ಲದಿದ್ದರೂ ಬೆಂಗಳೂರು ಬೀದಿಗಿಳಿಯಲಿಲ್ಲ. ಹಳ್ಳಿಯ ಕಥೆಯೂ ಇದೇ ಎಂದು ಒಪ್ಪುತ್ತೇನೆ: 2016ರಲ್ಲಿ ಆರಿಸಿದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಕೇಳುವವರು ಎರಡೂ ಕಡೆ ಕಡಿಮೆಯಾದರು. ನಮ್ಮ ಕಡೆ ಕೇಳುವ ವಯಸ್ಸಿನವರು ನಗರಕ್ಕೆ ಹೋದರು. ನಗರದಲ್ಲಿ ಅವರಿಗೆ ಮತದ ಹಕ್ಕಿನ ಚೀಟಿಯಿಲ್ಲ.

ಈಗ ಒಂದೇ ಕಾಲಕ್ಕೆ ಎಲ್ಲ ಚುನಾವಣೆ ನಡೆಸುವ ಮಾತು ನಡೆದಿದೆ. ರಾಮನಾಥ ಕೋವಿಂದ್ ಅಧ್ಯಕ್ಷತೆಯ ಸಮಿತಿ 2024ರ ಮಾರ್ಚ್ 14ರಂದು 18,626 ಪುಟಗಳ ವರದಿ ಕೊಟ್ಟಿತು. ಮೊದಲು ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ; ಆಮೇಲೆ ನೂರು ದಿನದೊಳಗೆ ಪಂಚಾಯಿತಿ, ಪುರಸಭೆ, ಪಾಲಿಕೆಗಳಿಗೆ; ಎಲ್ಲಕ್ಕೂ ಒಂದೇ ಮತದಾರರ ಪಟ್ಟಿ. ಅದರ ಮೊದಲ ಹಂತಕ್ಕಾಗಿ ಸಂವಿಧಾನದ 129ನೇ ತಿದ್ದುಪಡಿ ಮಸೂದೆಯನ್ನು ಅದೇ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡಿಸಿದರು. ಮಂಡನೆಯ ಪರ 269, ವಿರುದ್ಧ 198 ಮತ ಬಿದ್ದು, ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಅದು ಬೇಕೋ ಬೇಡವೋ ಎಂಬ ವಾದಕ್ಕೆ ಈ ಪತ್ರದಲ್ಲಿ ಕೈ ಹಾಕುವುದಿಲ್ಲ. ಬಂದರೆ, ನೂರು ದಿನದೊಳಗೆ ಹಳ್ಳಿಯವನು ಐದು ಮತ ಹಾಕಬೇಕು, ಬೆಂಗಳೂರಿನವನು ಮೂರು. ಪಟ್ಟಿ ಮಾತ್ರ ಒಂದೇ. ಹೆಸರು ತಪ್ಪು ಊರಿನಲ್ಲಿದ್ದರೆ ಎಲ್ಲ ಮತಗಳೂ ತಪ್ಪು ಊರಿಗೇ ಹೋಗುತ್ತವೆ.

ಒಟ್ಟಿಗೆ ನಡೆಯುವ ಚುನಾವಣೆ ನಮಗೆ ಹೊಸದಲ್ಲ. 1952ರಿಂದ 1967ರವರೆಗೆ ನಾಲ್ಕು ಸಲವೂ ಲೋಕಸಭೆ ವಿಧಾನಸಭೆಗಳಿಗೆ ಜೊತೆಯಲ್ಲೇ ಮತ ಹಾಕಿದ್ದೇವೆ. ನಮ್ಮೂರಲ್ಲೇ ಹುಟ್ಟಿದ ಬಂಗಾರಪ್ಪನವರು ಸೊರಬದಿಂದ ಮೊದಲ ಸಲ ಗೆದ್ದದ್ದು 1967ರ ಅಂಥದೊಂದು ಚುನಾವಣೆಯಲ್ಲೇ. ಆಮೇಲೆ ನಮ್ಮಲ್ಲಿ ಎರಡೂ ಒಟ್ಟಿಗೆ ನಡೆದದ್ದು 1989, 1999, 2004ರಲ್ಲಿ. 1989ರಲ್ಲಿ ನಾನು ಹೊಸ ಮೇಷ್ಟ್ರು. ಹದಿನೆಂಟು ತುಂಬಿದವರಿಗೆ ಹಕ್ಕು ಸಿಕ್ಕ ಮೇಲಿನ ಮೊದಲ ಮಹಾ ಚುನಾವಣೆ ಅದು. ಲೋಕಸಭೆಗೆ ಬಿಳಿ ಮತಪತ್ರ, ವಿಧಾನಸಭೆಗೆ ಗುಲಾಬಿ. ಆ ಬಣ್ಣ ಈಗಲೂ ಬದಲಾಗಿಲ್ಲ. ಒಟ್ಟಿಗೆ ಚುನಾವಣೆ ನಡೆದರೆ ಯಂತ್ರದ ಮೇಲೆ ಅಂಟಿಸುವ ಕಾಗದ ಲೋಕಸಭೆಗೆ ಬಿಳಿ, ವಿಧಾನಸಭೆಗೆ ಗುಲಾಬಿ. ಇದನ್ನು ನೆನಪಿಟ್ಟುಕೊಳ್ಳಿ, ಒಳಗೆ ಹೋದಾಗ ಗಾಬರಿಯಾಗುವುದಿಲ್ಲ.

2004ರ ಚುನಾವಣೆಯನ್ನು ನಾನು ಮರೆಯಲಾರೆ. ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯ ಮತಗಟ್ಟೆಗೆ ನನ್ನನ್ನು ಹಾಕಿದ್ದರು. ಹಿಂದಿನ ದಿನ ಮಸ್ಟರಿಂಗಿನಲ್ಲಿ ಎರಡು ಜೊತೆ ಯಂತ್ರ ಕೊಟ್ಟರು. ದೇಶಕ್ಕೆಲ್ಲ ಯಂತ್ರದಲ್ಲೇ ಮತದಾನವಾದ ಮೊದಲ ಲೋಕಸಭಾ ಚುನಾವಣೆ ಅದು. ಶಾಲೆಯ ಕೋಣೆಯಲ್ಲಿ ಎರಡು ಮರೆ ಕಟ್ಟಿದೆವು. ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಮೊದಲ ಮರೆಯಲ್ಲಿ ಗುಂಡಿ ಒತ್ತಿದರು, ಬೀಪ್ ಸದ್ದಾಯಿತು, ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಹೊರಟರು. "ಅಜ್ಜೀ, ಇನ್ನೊಂದಿದೆ" ಎಂದೆ. "ಹಾಕಿದ್ನಲ್ಲ ಮೇಷ್ಟ್ರೇ, ಅವ್ರಿಗೇ ಹಾಕಿದೀನಿ. ಎಷ್ಟ್ ಸಲ ಹಾಕೋದು?" ಎಂದರು. ಇದು ದಿಲ್ಲಿಗೆ, ಅದು ಬೆಂಗಳೂರಿಗೆ ಎಂದು ತಿಳಿಸಿದೆ. ಅವರು ಅಲ್ಲೇ ನಿಂತು ಯೋಚಿಸಿದರು. ಸಾಲಿನಲ್ಲಿದ್ದವರು ಗೊಣಗಿದರೂ ಅಜ್ಜಿ ಅವಸರ ಮಾಡಲಿಲ್ಲ. "ಹಂಗಾದ್ರೆ ಬೇರೆ ಲೆಕ್ಕ" ಎಂದು ಎರಡನೇ ಮರೆಗೆ ಹೋದರು. ಆ ಅಜ್ಜಿ ಯಾರಿಗೆ ಹಾಕಿದರೋ ನನಗೆ ಬೇಡ. ಎರಡು ಯಂತ್ರ ಎರಡು ಬೇರೆ ಪ್ರಶ್ನೆ ಕೇಳುತ್ತಿವೆ ಎಂಬುದು ಅವರಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು.

ಅದೇ ದಿನ ನಮ್ಮ ಸೊರಬದ ಮತದಾರನಿಗೆ ಇದಕ್ಕಿಂತ ಕಠಿಣ ಪರೀಕ್ಷೆಯಿತ್ತು. ಬಿಳಿ ಕಾಗದದ ಯಂತ್ರದಲ್ಲಿ ಬಂಗಾರಪ್ಪನವರ ಹೆಸರು, ಬಿಜೆಪಿಯಿಂದ ಲೋಕಸಭೆಗೆ. ಗುಲಾಬಿ ಕಾಗದದ ಯಂತ್ರದಲ್ಲಿ ಅವರ ಇಬ್ಬರು ಮಕ್ಕಳು: ಕಾಂಗ್ರೆಸ್ಸಿನಿಂದ ಕುಮಾರ್ ಬಂಗಾರಪ್ಪ, ಬಿಜೆಪಿಯಿಂದ ಮಧು ಬಂಗಾರಪ್ಪ. ತಂದೆಗೆ ಹಾಕಿದವನು ತಂದೆಯ ಪಕ್ಷದ ಮಗನಿಗೇ ಹಾಕಬೇಕೇ, ಹಾಲಿ ಶಾಸಕನಾಗಿದ್ದ ಇನ್ನೊಬ್ಬ ಮಗನಿಗೆ ಹಾಕಬೇಕೇ? ಶಿವಮೊಗ್ಗ ಲೋಕಸಭಾ ಕ್ಷೇತ್ರ ಬಿಜೆಪಿಯ ಬಂಗಾರಪ್ಪನವರಿಗೆ ಹೋಯಿತು. ಸೊರಬ ವಿಧಾನಸಭೆ ಕಾಂಗ್ರೆಸ್ಸಿನ ಕುಮಾರ್ ಅವರಿಗೆ ಬಂತು. ಅದಕ್ಕೂ ಹಿಂದೆ, 1999ರ ಜೋಡಿ ಚುನಾವಣೆಯಲ್ಲಿ ತಂದೆ ಮಗ ಇಬ್ಬರೂ ಕಾಂಗ್ರೆಸ್ಸಿನಿಂದ ನಿಂತು ಇಬ್ಬರೂ ಗೆದ್ದಿದ್ದರು. ಒಟ್ಟಿಗೆ ಮತ ಹಾಕಿಸಿದರೆ ಜನ ಕಣ್ಣು ಮುಚ್ಚಿ ಒಂದೇ ಗುರುತಿಗೆ ಒತ್ತುತ್ತಾರೆ ಎಂದು ಪಂಡಿತರು ಹೇಳುವಾಗ ನನಗೆ ಸೊರಬ ನೆನಪಾಗುತ್ತದೆ. ಇಡೀ ರಾಜ್ಯ ಕೂಡ 2004ರಲ್ಲಿ ಹಾಗೇ ನಡೆದುಕೊಂಡಿತು: ಲೋಕಸಭೆಯ 28ರಲ್ಲಿ 18 ಸ್ಥಾನ ಬಿಜೆಪಿಗೆ, ವಿಧಾನಸಭೆಯಲ್ಲಿ ಯಾರಿಗೂ ಬಹುಮತವಿಲ್ಲ. ಬೇರೆ ಬೇರೆ ಕಾಲದಲ್ಲಿ ನಡೆದಾಗಲಂತೂ ಕರ್ನಾಟಕ ಇದನ್ನು ಮತ್ತೆ ಮತ್ತೆ ತೋರಿಸಿದೆ. 1984ರ ಡಿಸೆಂಬರಿನಲ್ಲಿ 28ರಲ್ಲಿ 24 ಲೋಕಸಭಾ ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟ ಜನ ಮೂರೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನ ಕೊಟ್ಟರು.

ಹಾಗಾಗಿ ನೂರು ದಿನದೊಳಗೆ ಮೂರು ಮತ ಹಾಕುವ ಕಾಲ ಬಂದಾಗ ಮನೆಯಲ್ಲೇ ಕೂತು ಮೂರು ಪ್ರಶ್ನೆ ಬಿಡಿಸಿಕೊಂಡು ಹೋಗಿ. ದಿಲ್ಲಿಯಲ್ಲಿ ಕಾನೂನು, ರೈಲು, ತೆರಿಗೆಯ ಪಾಲು. ವಿಧಾನಸೌಧದಲ್ಲಿ ಶಾಲೆ, ಆಸ್ಪತ್ರೆ, ಬಗರ್‌ಹುಕುಂ ಜಮೀನು, ಪಂಪ್‌ಸೆಟ್ಟಿನ ಕರೆಂಟು. ವಾರ್ಡಿನಲ್ಲಿ ಕಸದ ಗಾಡಿ, ರಾಜಕಾಲುವೆ, ಬೀದಿ ದೀಪ, ಪಾದಚಾರಿ ದಾರಿ. ಮೂರನೆಯದನ್ನು ಮೊದಲ ಎರಡರ ಅಬ್ಬರದಲ್ಲಿ ಜನ ಮರೆತುಬಿಡುತ್ತಾರೆ ಎಂಬುದೇ ನನ್ನ ದೊಡ್ಡ ಹೆದರಿಕೆ. ಮಳೆ ಬಂದು ನಿಮ್ಮ ನೆಲಮಹಡಿಗೆ ನೀರು ನುಗ್ಗಿದ ರಾತ್ರಿ ಪ್ರಧಾನಿಯೂ ಬರುವುದಿಲ್ಲ, ಮುಖ್ಯಮಂತ್ರಿಯೂ ಬರುವುದಿಲ್ಲ. ಬರಬೇಕಾದವನು ವಾರ್ಡಿನ ಸದಸ್ಯ. ಅವನನ್ನು ಆರಿಸುವ ದಿನ ನಿಮ್ಮ ಹೆಸರು ಬೆಂಗಳೂರಿನಿಂದ ನಾನೂರು ಕಿಲೋಮೀಟರಿನ ಆಸುಪಾಸಿನ ದೂರದಲ್ಲಿ ನಮ್ಮ ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಇರುತ್ತದೆ.

ವರ್ಗಾವಣೆ ಮಾಡುವುದು ಹೇಗೆ ಎಂದು ಕೇಳುತ್ತೀರಿ. ಬಹಳ ಜನ ಎಡವುವುದು ಒಂದೇ ಕಡೆ, ನನ್ನ ಮಗಳೂ ಎಡವಿದ್ದು ಅಲ್ಲೇ. ನಮೂನೆ 6 ಮೊದಲ ಸಲ ಮತದಾರರಾಗುವವರಿಗೆ. ಒಂದು ಕಡೆ ಹೆಸರಿದ್ದವರು ಮನೆ ಬದಲಿಸಿದರೆ ತುಂಬಬೇಕಾದದ್ದು ನಮೂನೆ 8. ಅದನ್ನು ತುಂಬಿದರೆ ಇಲ್ಲಿನ ಹೆಸರು ತೆಗೆದು ಅಲ್ಲಿ ಸೇರಿಸುತ್ತಾರೆ, ಎರಡು ಕಡೆ ಉಳಿಯುವ ಪ್ರಶ್ನೆ ಬರುವುದಿಲ್ಲ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ತುಂಬಬಹುದು; ಬರದಿದ್ದರೆ ನಿಮ್ಮ ಬಡಾವಣೆಯ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಓ ಕೈಗೆ ಕೊಡಬಹುದು. ಬಹುತೇಕ ಕಡೆ ಅವರು ಅಂಗನವಾಡಿ ಕಾರ್ಯಕರ್ತೆ ಇಲ್ಲವೇ ಶಾಲಾ ಶಿಕ್ಷಕರು; ಗೌರವದಿಂದ ಮಾತಾಡಿಸಿ, ಅವರಿಗೆ ಬೇರೆ ಹತ್ತು ಕೆಲಸ ಇರುತ್ತವೆ. ಬಾಡಿಗೆ ಮನೆಯಲ್ಲಿದ್ದರೂ ಸೇರಬಹುದು. ನೋಂದಾಯಿತ ಬಾಡಿಗೆ ಕರಾರು ಪತ್ರ, ಗ್ಯಾಸಿನ ಅಥವಾ ಕರೆಂಟಿನ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕು ವಿಳಾಸಕ್ಕೆ ಸಾಕು. ಮೊದಲೆಲ್ಲ ಜನವರಿ 1ಕ್ಕೆ ಹದಿನೆಂಟು ತುಂಬಿದವರಿಗೆ ಮಾತ್ರ ಆ ವರ್ಷ ಅವಕಾಶವಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ನಿಮ್ಮ ಮಕ್ಕಳನ್ನು ಸೇರಿಸುವಾಗ ಇದು ನೆನಪಿರಲಿ. ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿ ಮುಚ್ಚಿದಂತೆ.

ಹೆಸರಿನ ಕಾಗುಣಿತವನ್ನೂ ನೋಡಿಕೊಳ್ಳಿ. ನಮ್ಮೂರನ್ನು ಚಂದ್ರಹಾಸನ ಕುಂತಳನಗರ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಪತ್ರ ತಂದ ಚಂದ್ರಹಾಸನಿಗೆ ವಿಷ ಕೊಡು ಎಂದು ಮಂತ್ರಿ ದುಷ್ಟಬುದ್ಧಿ ಬರೆದದ್ದನ್ನು ಅವನ ಮಗಳು ವಿಷಯೆ ಒಂದಕ್ಷರ ತಿದ್ದಿ ವಿಷಯೆಯನ್ನು ಕೊಡು ಎಂದು ಮಾಡಿದ ಕತೆಯನ್ನು ನಿಮಗೆಲ್ಲ ನಾನೇ ತರಗತಿಯಲ್ಲಿ ಹೇಳಿದ್ದೇನೆ. ಒಂದಕ್ಷರಕ್ಕೆ ಅಷ್ಟು ಬೆಲೆ ಇರುವ ಊರಿನವರು ನೀವು. ಮತಗಟ್ಟೆಯಲ್ಲಿ ಗುರುತು ಸ್ಪಷ್ಟವಿದ್ದರೆ ಸಣ್ಣಪುಟ್ಟ ಅಕ್ಷರದೋಷವನ್ನು ನಾವು ಬದಿಗಿಡುತ್ತಿದ್ದೆವು, ಆಯೋಗದ ಸೂಚನೆಯೂ ಹಾಗೇ ಇದೆ. ಆದರೂ ಅದೇ ನಮೂನೆ 8ರಲ್ಲಿ ತಿದ್ದಿಸಿಕೊಳ್ಳಬಹುದಾದ್ದರಿಂದ ಬಿಡಬೇಡಿ.

ಮತದಾನದ ದಿನಕ್ಕೆ ನಾಲ್ಕು ಮಾತು. ಮನೆಗೆ ಬಂದ ಮತದಾರರ ಚೀಟಿಯೊಂದನ್ನೇ ಹಿಡಿದು ಹೋಗಬೇಡಿ. ಅದು ಮತಗಟ್ಟೆ ಎಲ್ಲಿ ಎಂದು ತಿಳಿಸುವ ಕಾಗದ, ಗುರುತಿನ ದಾಖಲೆಯಲ್ಲ. ಗುರುತಿನ ಚೀಟಿ ಕಳೆದಿದ್ದರೆ ಆಧಾರ್, ಚಾಲನಾ ಪರವಾನಗಿ, ಪಾನ್ ಕಾರ್ಡು, ಪಾಸ್‌ಪೋರ್ಟು, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ಕು, ಉದ್ಯೋಗ ಖಾತರಿಯ ಚೀಟಿ, ಇಂಥ ಯಾವುದಾದರೂ ನಡೆಯುತ್ತದೆ. ಮೊಬೈಲನ್ನು ಒಳಗೆ ಒಯ್ಯಬೇಡಿ. ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ನೋಡಿ ಖಚಿತಪಡಿಸಿಕೊಳ್ಳಿ, ಬೀಪ್ ಕೇಳಿದ ಮೇಲೆ ಮುಂದಿನ ಯಂತ್ರಕ್ಕೆ ನಡೆಯಿರಿ. ನಿಮ್ಮ ಹೆಸರಲ್ಲಿ ಆಗಲೇ ಯಾರೋ ಹಾಕಿ ಹೋಗಿದ್ದರೆ ಜಗಳವಾಡಿ ಹಿಂದಿರುಗಬೇಡಿ. ನೀವೇ ನೀವೆಂದು ತೋರಿಸಿದರೆ ಅಧ್ಯಕ್ಷಾಧಿಕಾರಿ ಟೆಂಡರ್ಡ್ ಮತಪತ್ರ ಕೊಡಲೇಬೇಕು. ಹೀಗೆ ಬೇರೆಯವರು ಹಾಕಿ ಹೋಗುವುದು ಯಾರ ಹೆಸರಲ್ಲಿ ಗೊತ್ತೇ? ಪಟ್ಟಿಯಲ್ಲಿದ್ದು ಊರಲ್ಲಿಲ್ಲದವರ ಹೆಸರಲ್ಲಿ. ಬೀಗ ಬಿದ್ದ ಮನೆಯ ಐದು ಹೆಸರು ಎಂದರೆ ಕೆಲವರಿಗೆ ಅದು ಐದು ಅವಕಾಶ.

ಕಂಪನಿಯವರು ರಜೆ ಕೊಡುವುದಿಲ್ಲ ಎಂಬ ಮಾತು ಕೇಳಿದ್ದೇನೆ. ಮತದಾರನಾದ ನೌಕರನಿಗೆ ಆ ದಿನ ಸಂಬಳ ಸಹಿತ ರಜೆ ಕೊಡುವುದು ಕಾನೂನು, ದಿನಗೂಲಿಯವರಿಗೂ ಅನ್ವಯಿಸುತ್ತದೆ. ನಿಮ್ಮ ಜೊತೆ ಬಂದು ನೆಲೆಸಿದ ತಂದೆ ತಾಯಿಗೆ 85 ದಾಟಿದ್ದರೆ, ಅಥವಾ ಮನೆಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿದ್ದರೆ, ಲೋಕಸಭೆ ವಿಧಾನಸಭೆಗಳಿಗೆ ನಮೂನೆ 12ಡಿ ಕೊಟ್ಟು ಮನೆಯಲ್ಲೇ ಮತ ಹಾಕಿಸಬಹುದು. ಆ ಮುದಿ ಜೀವಗಳನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿ ಇಲ್ಲಿಗೆ ತಂದದ್ದನ್ನು ನೋಡಿ ಒಮ್ಮೆ ನಾನು ಮಾತಾಡದೆ ಒಳಗೆ ಹೋಗಿದ್ದೆ.

ಊರಲ್ಲೇ ಉಳಿದವರಿಗೂ ಎರಡು ಸಾಲು. ಗ್ರಾಮ ಪಂಚಾಯಿತಿಯ ಮತದಾನ ಬೇರೆ ರೀತಿ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಪಕ್ಷದ ಗುರುತಿಲ್ಲ. ನಮ್ಮ ಕಡೆ 2020ರ ಡಿಸೆಂಬರಿನಲ್ಲೂ ಮತಪತ್ರ, ಮುದ್ರೆಯೇ ಇತ್ತು. ಇನ್ನು ಮುಂದೆ ಪಟ್ಟಣ, ನಗರಗಳ ಸ್ಥಳೀಯ ಚುನಾವಣೆಗೂ ಮತಪತ್ರವೇ ಬರಲಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದೆ, ಆದ್ದರಿಂದ ನಗರದವರೂ ಇದನ್ನು ಓದಿಕೊಳ್ಳಿ. ಗ್ರಾಮ ಪಂಚಾಯಿತಿಯ ನಿಮ್ಮ ಕ್ಷೇತ್ರದಲ್ಲಿ ಮೂರು ಸ್ಥಾನವಿದ್ದರೆ ಮೂರು ಜನಕ್ಕೆ ಒತ್ತಬಹುದು. ನಾಲ್ಕನೆಯದು ಒತ್ತಿದರೆ ಇಡೀ ಮತ ಹಾಳು. ಮುದ್ರೆ ಗುರುತಿನ ಮೇಲೆ ಬೀಳಲಿ, ಗೆರೆಯ ಮೇಲೆ ಬೇಡ. ಮಡಿಸುವಾಗ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ, ಹಸಿ ಶಾಯಿ ಇನ್ನೊಬ್ಬರ ಚೌಕಕ್ಕೆ ಅಂಟದಿರಲಿ. ಎಣಿಕೆಯ ಮೇಜಿನ ಮೇಲೆ ಹೀಗೆ ಅಂಟಿದ ಶಾಯಿಯ ದೆಸೆಯಿಂದ ನಡೆದ ಗಲಾಟೆಗಳನ್ನು ಎಷ್ಟೋ ನೋಡಿದ್ದೇನೆ.

ಮಕ್ಕಳೇ, ಹೆಸರು ತೆಗೆಸಿದರೆ ಊರಿನ ಋಣ ಹರಿಯುತ್ತದೆ ಎಂದು ನಿಮ್ಮಲ್ಲಿ ಕೆಲವರಿಗೆ ಅಳುಕಿದೆ, ನನಗೆ ಗೊತ್ತು. ಅದೇ ಅಳುಕು ನನಗೂ ಇತ್ತು, ಮಗಳ ಹೆಸರಿನ ಮುಂದೆ ನಮೂನೆ 7 ಹಿಡಿದು ಕೂತಾಗ ಕೈ ತಡೆದಿತ್ತು. ಹರಿಯಲಿಲ್ಲ. ಅವಳು ಈಗಲೂ ಬರುತ್ತಾಳೆ, ಅಂಗಳದಲ್ಲಿ ಕೂರುತ್ತಾಳೆ, ಕೆರೆ ಏರಿ ಒಡೆದದ್ದಕ್ಕೆ ಪಂಚಾಯಿತಿಯವರನ್ನು ನಿಲ್ಲಿಸಿ ಕೇಳುತ್ತಾಳೆ. ಕೇಳಲು ಮತದ ಚೀಟಿ ಬೇಡ. ತನ್ನ ಬಡಾವಣೆಯಲ್ಲಿ ವಾರ್ಡ್ ಸಭೆ ಕರೆಯಲಿಲ್ಲವೆಂದು ಅಧಿಕಾರಿಗೆ ಅರ್ಜಿ ಬರೆದವರ ಪೈಕಿ ಅವಳ ಸಹಿಯೂ ಇದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು. ಊರಿಗೆ ನಿಮ್ಮಿಂದ ಆಗಬೇಕಾದ ಕೆಲಸ ಬೇಕಾದಷ್ಟಿದೆ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಇಲ್ಲಿನ ಹುಡುಗರಿಗೆ ಕಲಿಸಿ. ಬೀಗ ಹಾಕಿದ ಮನೆಯನ್ನು ಅಂಗನವಾಡಿಗೋ ಓದುವ ಮಕ್ಕಳಿಗೋ ಬಿಟ್ಟುಕೊಡಿ.

ಮುಂದಿನ ಸಲ ಕರಡು ಪಟ್ಟಿ ಬಂದಾಗ ನಾನು ಮತ್ತೆ ಕನ್ನಡಕ ಹಾಕಿಕೊಂಡು ಓದುತ್ತೇನೆ. ಇವತ್ತೇ ನಮೂನೆ 8 ತುಂಬಿ. ತುಂಬಿದ ಮೇಲೆ ನನಗೊಂದು ಮಾತು ತಿಳಿಸಿ. ನಿಮ್ಮ ಹೆಸರು ಅಲ್ಲಿನ ಪಟ್ಟಿಗೆ ಸೇರಿ, ಇಲ್ಲಿನ ಪಟ್ಟಿಯಿಂದ ಹೋಗಿದೆಯೇ ಎಂದು ಶಾಲೆಯ ಗೋಡೆಯ ಮುಂದೆ ನಿಂತು ನಾನೇ ನೋಡಿ ಬರೆಯುತ್ತೇನೆ.

ಇತಿ ನಿಮ್ಮ ಹಿತವನ್ನೇ ಬಯಸುವ,
ನಿವೃತ್ತ ಶಾಲಾ ಮೇಷ್ಟ್ರು,
ಕುಬಟೂರು, ಸೊರಬ ತಾಲ್ಲೂಕು